ಸೋದರಪ್ರೇಮದ ನಗರದ ಶಿಲಾಮಂದಿರ

ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಅಲ್ಲಿಗೆ ಹೋದ ಹಿರಿಯರು ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳನ್ನು ತಪ್ಪದೆ ನೋಡಿಬರುತ್ತಾರೆ. ಆ ಎರಡು ನಗರಗಳ ನಡುವಣ ಹಾದಿಯಲ್ಲಿರುವ ಫಿಲಡೆಲ್ಫಿಯದಲ್ಲಿ ಇಳಿದವರು ಸ್ವಾತಂತ್ರ್ಯ ಭವನವನ್ನೂ ಬಿರುಕುಬಿಟ್ಟ ಸ್ವಾತಂತ್ರ್ಯ ಘಂಟೆಯನ್ನೂ ಕಂಡು ಮುಂದೆ ಸಾಗುವುದು ವಾಡಿಕೆ. ಆದರೆ ಆ ನಗರದ ನಟ್ಟನಡುವೆ, ಬ್ರಾಡ್ ಬೀದಿಯ ಒಂದನೆಯ ನಂಬರಿನಲ್ಲಿ, ನಗರಸಭಾ ಭವನದ ಉತ್ತರಕ್ಕೆ, ಕೋಟೆಯಂತೆಯೂ ಇಗರ್ಜಿಯಂತೆಯೂ ತೋರುವ ಒಂದು ಮಹಾಸೌಧವಿದೆ. ಅದು ಕೋಟೆಯೂ ಅಲ್ಲ, ಇಗರ್ಜಿಯೂ ಅಲ್ಲ. ಫ್ರೀಮೇಸನ್ ಎಂಬ ಭ್ರಾತೃಸಂಘದ ಸಭಾಮಂದಿರ. ಪೆನ್ಸಿಲ್ವೇನಿಯ ರಾಜ್ಯದ ಗ್ರ್ಯಾಂಡ್ ಲಾಡ್ಜಿನ ಕೇಂದ್ರಸ್ಥಾನ. ಒಂದೇ ಸೂರಿನಡಿಯಲ್ಲಿ ಏಳು ನಾಡುಗಳ, ಏಳು ಕಾಲಗಳ ಶಿಲ್ಪವೈಖರಿಯನ್ನು ತೋರುವ ಏಳು ಸಭಾಂಗಣಗಳು ಅದರೊಳಗಿವೆ.

ಲಾಡ್ಜ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಸ್ ನಿಲ್ದಾಣದ ಬಳಿಯ ವಸತಿಗೃಹ. ಈ ಪದಕ್ಕೆ ಇಲ್ಲಿರುವ ಅರ್ಥ ಬೇರೆ. ಮಧ್ಯಯುಗದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ದೊಡ್ಡ ದೊಡ್ಡ ಇಗರ್ಜಿಗಳನ್ನು ಕಟ್ಟುವಾಗ ಕಲ್ಲುಕುಟಿಗರು ಕಟ್ಟಡದ ಪಕ್ಕದಲ್ಲಿ ಚಪ್ಪರ ಹಾಕಿಕೊಂಡು ಅಲ್ಲಿಯೇ ಕಲ್ಲು ಕಡೆದು, ಅಲ್ಲಿಯೇ ಉಂಡು, ತಮ್ಮ ಕಸುಬಿನ ಗುಟ್ಟುಗಳನ್ನು ಕಲಿಯುವ ಹುಡುಗರಿಗೆ ಹೇಳಿಕೊಡುತ್ತಿದ್ದರು. ಆ ಚಪ್ಪರವೇ ಲಾಡ್ಜ್. ಕಾಲಕ್ರಮದಲ್ಲಿ ಕಲ್ಲನ್ನೇ ಮುಟ್ಟದ ಗಣ್ಯರೂ ಪಂಡಿತರೂ ಈ ಕೂಟಗಳನ್ನು ಸೇರತೊಡಗಿದರು. ಉಪಕರಣಗಳು ಸಂಕೇತಗಳಾದವು. ಮೂಲೆಮಟ್ಟ ನಡತೆಯ ನೇರವನ್ನೂ, ಕೈವಾರ ಆಸೆಗಳಿಗೆ ಎಳೆಯಬೇಕಾದ ಎಲ್ಲೆಯನ್ನೂ, ತೂಕಗುಂಡು ಮನಸ್ಸಿನ ನೆಟ್ಟನೆಯ ನಿಲುವನ್ನೂ ಸೂಚಿಸಿದವು. ಕಲಿಯುವವನು, ಜೊತೆಗಾರ, ಒಡೆಯ ಎಂಬ ಮೂರು ಮೆಟ್ಟಿಲುಗಳಲ್ಲಿ ದೀಕ್ಷೆ ನೀಡುವ ಪದ್ಧತಿ ಬೆಳೆಯಿತು. 1717ರ ಜೂನ್ 24ರಂದು, ಸಂತ ಜಾನನ ಹಬ್ಬದ ದಿನ, ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿಕೊಂಡವು ಎಂದು ಸಂಘದ ಇತಿಹಾಸ ಹೇಳುತ್ತದೆ. ಸದಸ್ಯನಾಗುವವನು ಪರಮಾತ್ಮನೊಬ್ಬನಿದ್ದಾನೆಂದು ನಂಬಬೇಕು. ಆದರೆ ಅವನನ್ನು ಯಾವ ಹೆಸರಿನಿಂದ ಕರೆಯುತ್ತಾನೆಂದು ಕೇಳುವಂತಿಲ್ಲ. ಲಾಡ್ಜಿನೊಳಗೆ ಮತದ ಜಗಳವಾಗಲಿ ರಾಜಕೀಯದ ಜಗಳವಾಗಲಿ ಕೂಡದು. ಸ್ತ್ರೀಯರಿಗೆ ಪ್ರವೇಶವಿಲ್ಲ.

ಫಿಲಡೆಲ್ಫಿಯ ಎಂಬ ಗ್ರೀಕ್ ಮಾತಿಗೆ ಸೋದರಪ್ರೇಮ ಎಂದೇ ಅರ್ಥ. ಮತಪೀಡನೆಗೆ ಸಿಕ್ಕಿದ್ದ ಕ್ವೇಕರ್ ಪಂಥದ ವಿಲಿಯಂ ಪೆನ್ 1682ರಲ್ಲಿ ಎಲ್ಲ ನಂಬಿಕೆಯವರಿಗೂ ನೆಲೆಯಾಗಲೆಂದು ಕಟ್ಟಿದ ಊರು ಅದು. ಭ್ರಾತೃಸಂಘವೊಂದಕ್ಕೆ ಇದಕ್ಕಿಂತ ತಕ್ಕ ಸ್ಥಳ ಬೇರೊಂದು ದೊರಕಲಾರದು. ವಿಜ್ಞಾನಿಯೂ ಮುತ್ಸದ್ದಿಯೂ ಆದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಯೌವನದಲ್ಲಿಯೇ ಇಲ್ಲಿನ ಲಾಡ್ಜನ್ನು ಸೇರಿ, 1734ರಲ್ಲಿ ಅದರ ಪ್ರಾಂತೀಯ ಮುಖ್ಯಸ್ಥನಾದನು. ವೃತ್ತಿಯಿಂದ ಮುದ್ರಕನಾದ ಆತ ಅದೇ ವರ್ಷ ಸಂಘದ ನಿಯಮಗ್ರಂಥವನ್ನು ಅಚ್ಚುಹಾಕಿದನು. ಅಮೆರಿಕದಲ್ಲಿ ಮುದ್ರಣಗೊಂಡ ಮೊದಲ ಫ್ರೀಮೇಸನ್ ಪುಸ್ತಕ ಅದು. ಜಾರ್ಜ್ ವಾಷಿಂಗ್ಟನ್ ಕೂಡ ಈ ಸಂಘದವನೇ. 1793ರಲ್ಲಿ ರಾಜಧಾನಿಯ ಸಂಸತ್ ಭವನಕ್ಕೆ ಅಡಿಗಲ್ಲಿಡುವಾಗ ಆತ ಫ್ರೀಮೇಸನ್ ವಿಧಿಯಂತೆಯೇ ಅದನ್ನು ನೆರವೇರಿಸಿದನು.

ಇಷ್ಟು ಗೌರವವಿದ್ದ ಸಂಘಕ್ಕೆ 1826ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ನ್ಯೂಯಾರ್ಕ್ ರಾಜ್ಯದ ವಿಲಿಯಂ ಮಾರ್ಗನ್ ಎಂಬಾತ ಸಂಘದ ರಹಸ್ಯಗಳನ್ನು ಪುಸ್ತಕವಾಗಿ ಪ್ರಕಟಿಸುವುದಾಗಿ ಸಾರಿ, ಬಳಿಕ ಕಾಣೆಯಾದನು. ಅವನನ್ನು ಫ್ರೀಮೇಸನ್ನರೇ ಕೊಂದರೆಂದು ಜನ ನಂಬಿದರು. ಗುಟ್ಟಾಗಿ ಕೂಡುವವರು ನ್ಯಾಯಾಲಯಗಳನ್ನೂ ಸರಕಾರವನ್ನೂ ಕೈವಶ ಮಾಡಿಕೊಂಡಿದ್ದಾರೆ ಎಂಬ ಕೂಗೆದ್ದು, ಸಂಘವನ್ನು ವಿರೋಧಿಸುವುದಕ್ಕೆಂದೇ ಒಂದು ರಾಜಕೀಯ ಪಕ್ಷ ಹುಟ್ಟಿತು. 1835ರಲ್ಲಿ ಪೆನ್ಸಿಲ್ವೇನಿಯದ ಗವರ್ನರ್ ಪದವಿಯನ್ನೇ ಆ ಪಕ್ಷ ಗೆದ್ದಿತು. ಶಾಸನಸಭೆಯಲ್ಲಿ ಥ್ಯಾಡಿಯಸ್ ಸ್ಟೀವನ್ಸ್ ಎಂಬ ಕಟುಮಾತಿನ ವಕೀಲ ವಿಚಾರಣಾ ಸಮಿತಿ ರಚಿಸಿ, ಗ್ರ್ಯಾಂಡ್ ಮಾಸ್ಟರ್ ಆಗಿದ್ದ ಜಾರ್ಜ್ ಡಲ್ಲಾಸನನ್ನೇ ಸಾಕ್ಷಿಗೆ ಕರೆಸಿದನು. ಡಲ್ಲಾಸ್ ಉತ್ತರಿಸಲು ನಿರಾಕರಿಸಿದನು. ವಿಚಾರಣೆ ಅಲ್ಲಿಗೆ ಕುಸಿಯಿತು. ಇದೇ ಡಲ್ಲಾಸ್ ಹತ್ತು ವರ್ಷಗಳ ಬಳಿಕ ಅಮೆರಿಕದ ಉಪಾಧ್ಯಕ್ಷನಾದನೆಂಬುದನ್ನು ನೆನೆದರೆ ಗಾಳಿ ಎಷ್ಟು ಬೇಗ ತಿರುಗಿತೆಂಬುದು ತಿಳಿದೀತು. ಸ್ಟೀವನ್ಸನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನು ಮತ್ತೊಮ್ಮೆ ಬರುತ್ತಾನೆ.

ಒಂದು ಕಾಲಕ್ಕೆ ಮುಖ ಮರೆಸಿಕೊಳ್ಳಬೇಕಾಗಿ ಬಂದಿದ್ದ ಸಂಘ, ಮೂವತ್ತು ವರ್ಷಗಳ ನಂತರ ಊರಿನ ಅತ್ಯಂತ ಪ್ರಶಸ್ತ ಸ್ಥಳದಲ್ಲಿ, ಯಾರೂ ಕಾಣದೆ ಇರಲಾಗದಂತಹ ಕಟ್ಟಡವನ್ನು ಎತ್ತಲು ಹೊರಟಿತು. ಅದಕ್ಕೂ ಮೊದಲು ಚೆಸ್ಟ್‌ನಟ್ ಬೀದಿಯಲ್ಲಿ ಅದಕ್ಕೆ ಸಭಾಭವನವಿದ್ದಿತು. ಅವುಗಳಲ್ಲಿ ಒಂದು 1819ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಹೊಸ ಮಂದಿರದ ನಕ್ಷೆ ಬರೆಯುವ ಹೊಣೆ ಜೇಮ್ಸ್ ವಿಂಡ್ರಿಮ್ ಎಂಬ 27 ವರ್ಷದ ತರುಣನ ಪಾಲಿಗೆ ಬಂದಿತು.

ವಿಂಡ್ರಿಮ್ ಗಿರಾರ್ಡ್ ಕಾಲೇಜಿನಲ್ಲಿ ಕಲಿತವನು. ಕಾಲೇಜೆಂಬ ಹೆಸರಿದ್ದರೂ ಅದು ತಂದೆಯಿಲ್ಲದ ಬಡ ಹುಡುಗರಿಗೆ ಊಟ, ವಸತಿ, ವಿದ್ಯೆಗಳನ್ನು ಧರ್ಮಾರ್ಥವಾಗಿ ನೀಡುತ್ತಿದ್ದ ಶಾಲೆ. ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳನ್ನು ಬಲ್ಲವರಿಗೆ ಅದರ ಬಗೆ ಸುಲಭವಾಗಿ ತಿಳಿಯುತ್ತದೆ. 1831ರಲ್ಲಿ ನಿಧನನಾದ ಸ್ಟೀಫನ್ ಗಿರಾರ್ಡ್ ಎಂಬ ವರ್ತಕ ತನ್ನ ಅಪಾರ ಸಂಪತ್ತನ್ನು ಇದಕ್ಕಾಗಿ ಬಿಟ್ಟುಹೋದನು. ಗಿರಾರ್ಡ್ ಸ್ವತಃ ಫ್ರೀಮೇಸನ್. ಗ್ರ್ಯಾಂಡ್ ಲಾಡ್ಜಿನ ದಾನನಿಧಿಗೂ ಅವನ ಉಯಿಲಿನಲ್ಲಿ ಪಾಲಿದ್ದಿತು. ಹೀಗೆ ಒಬ್ಬ ಸದಸ್ಯನ ಔದಾರ್ಯದಿಂದ ಓದಿದ ಹುಡುಗ ಬೆಳೆದು ಆ ಸಂಘಕ್ಕೇ ಮನೆ ಕಟ್ಟಿಕೊಟ್ಟನು. ಕೇಳಲು ಎಷ್ಟು ಸೊಗಸಾದ ಕಥೆ! ಆದರೆ ಗಿರಾರ್ಡನ ಉಯಿಲಿನಲ್ಲಿ ಇನ್ನೊಂದು ಮಾತಿತ್ತು. ಶಾಲೆಗೆ ಸೇರುವ ಹುಡುಗ ಬಿಳಿಯನಾಗಿರಬೇಕು. ಆ ಒಂದು ಪದವನ್ನು ಅಳಿಸಲು ನಗರದ ಕರಿಯ ಜನ ನ್ಯಾಯಾಲಯಗಳಲ್ಲಿ ಹೋರಾಡಿ, 1965ರಲ್ಲಿ ಶಾಲೆಯ ಎತ್ತರದ ಗೋಡೆಯ ಹೊರಗೆ ಏಳು ತಿಂಗಳು ಮೆರವಣಿಗೆ ನಡೆಸಬೇಕಾಯಿತು. ಆ ಗೋಡೆಯ ಬಳಿ ಮಾರ್ಟಿನ್ ಲೂಥರ್ ಕಿಂಗ್ ಬಂದು ಮಾತನಾಡಿದರು. ಮೊದಲ ಕರಿಯ ಬಾಲಕರು ಒಳಗೆ ಕಾಲಿಟ್ಟದ್ದು 1968ರಲ್ಲಿ.

ಮಂದಿರದ ಅಡಿಗಲ್ಲು ಬಿದ್ದದ್ದು ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1868ರ ಜೂನ್ 24ರಂದು, ಮತ್ತದೇ ಸಂತ ಜಾನನ ಹಬ್ಬದ ದಿನ. ಕಲ್ಲಿನ ತೂಕ ಹತ್ತು ಟನ್. ನಗರದ ಮಾಜಿ ಮೇಯರನೂ ಆಗ ಗ್ರ್ಯಾಂಡ್ ಮಾಸ್ಟರನೂ ಆಗಿದ್ದ ರಿಚರ್ಡ್ ವಾಕ್ಸ್, ವಾಷಿಂಗ್ಟನ್ ಸಂಸತ್ ಭವನದ ಅಡಿಗಲ್ಲಿಗೆ ಬಳಸಿದ್ದ ಅದೇ ಕೊಡತಿಯಿಂದ ಈ ಕಲ್ಲನ್ನು ಪ್ರತಿಷ್ಠಾಪಿಸಿದನು. ಗೋಡೆಗಳಿಗೆ ಕೇಪ್ ಆನ್ ಪ್ರದೇಶದ ಕಲ್ಲನ್ನೂ ಮೇನ್ ರಾಜ್ಯದ ಕಡಲತಡಿಯ ಫಾಕ್ಸ್ ದ್ವೀಪದ ಗ್ರಾನೈಟನ್ನೂ ತರಿಸಿದರು. ಪ್ರತಿಯೊಂದು ಕಲ್ಲನ್ನೂ ಗಣಿಯಲ್ಲಿಯೇ ಕಡೆದು, ಚೌಕಮಾಡಿ, ಗುರುತು ಹಾಕಿ, ಅಂಕಿ ಬರೆದು ಕಳುಹಿಸಿದರೆಂಬುದು ಸ್ವಾರಸ್ಯಕರ. ಇದು ಕೇವಲ ಅನುಕೂಲಕ್ಕಾಗಿ ಮಾಡಿದ್ದಲ್ಲ. ಜೆರೂಸಲೇಮಿನಲ್ಲಿ ಸೊಲೊಮನ್ ಅರಸು ದೇವಾಲಯ ಕಟ್ಟಿಸಿದಾಗ ಕಲ್ಲುಗಳು ಸಿದ್ಧವಾಗಿಯೇ ಬಂದುದರಿಂದ ಸ್ಥಳದಲ್ಲಿ ಸುತ್ತಿಗೆಯ ಸದ್ದೇ ಕೇಳಲಿಲ್ಲವೆಂದು ಬೈಬಲ್ ಹೇಳುತ್ತದೆ. ಫ್ರೀಮೇಸನ್ನರ ಆಚರಣೆಗಳೆಲ್ಲ ಆ ದೇವಾಲಯದ ಕಥೆಯ ಸುತ್ತಲೇ ಹೆಣೆದುಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿ ನಗರವೊಂದರ ಗಲಾಟೆಯ ನಡುವೆ ಅದನ್ನು ಅಕ್ಷರಶಃ ಪಾಲಿಸಲು ಹೊರಟವರ ಶ್ರದ್ಧೆಗೆ ತಲೆದೂಗಬೇಕು.

ಐದು ವರ್ಷಗಳ ದುಡಿಮೆಯ ಬಳಿಕ, ಸುಮಾರು 16 ಲಕ್ಷ ಡಾಲರ್ ವೆಚ್ಚದಲ್ಲಿ ಸೌಧ ಎದ್ದುನಿಂತಿತು. ದುಂಡು ಕಮಾನುಗಳ, ದಪ್ಪ ಗೋಡೆಗಳ ನಾರ್ಮನ್ ಶೈಲಿ. ಮೂಲೆಯಲ್ಲಿ 250 ಅಡಿ ಎತ್ತರದ ಗೋಪುರ. 1873ರ ಸೆಪ್ಟೆಂಬರ್ 26ರಂದು ಪ್ರವೇಶೋತ್ಸವ ನಡೆಯಿತು. ಅದಕ್ಕೆ ಎಂಟೇ ದಿನ ಮೊದಲು ಇದೇ ನಗರದ ಜೇ ಕುಕ್ ಅವರ ಹೆಸರಾಂತ ಬ್ಯಾಂಕ್ ಬಾಗಿಲು ಮುಚ್ಚಿ, ದೇಶದಾದ್ಯಂತ ವರ್ಷಗಟ್ಟಲೆ ಕಾಡಿದ ಆರ್ಥಿಕ ಕುಸಿತ ಆರಂಭವಾಗಿತ್ತು. ಒಂದು ಬೀದಿಯಲ್ಲಿ ಠೇವಣಿದಾರರ ಗೋಳು, ಇನ್ನೊಂದರಲ್ಲಿ ಉತ್ಸವದ ಸಂಭ್ರಮ. ಆಗಿನ್ನೂ ಪಕ್ಕದ ನಗರಸಭಾ ಭವನ ಪಾಯದ ಹಂತದಲ್ಲಿತ್ತು. ಅದು ಮುಗಿದದ್ದು 1901ರಲ್ಲಿ. ವಿಲಿಯಂ ಪೆನ್ನನ ಪ್ರತಿಮೆಯನ್ನು ಹೊತ್ತ ಅದರ 548 ಅಡಿಯ ಗೋಪುರದೆದುರು ಮಂದಿರದ ಗೋಪುರ ಇಂದು ತಮ್ಮನಂತೆ ಕಾಣುತ್ತದೆ.

ಹೊರಗಿನ ಗಾಂಭೀರ್ಯವನ್ನು ನೋಡಿದವರು ಒಳಗಿನ ವೈಭವವನ್ನು ಊಹಿಸಲಾರರು. ಆ ವೈಭವ ಆಮೇಲೆ ಬಂದದ್ದು. 1880ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಕಾಲ ಜಾರ್ಜ್ ಹೆರ್ಜೋಗ್ ಎಂಬ ಅಲಂಕಾರ ಕಲಾವಿದ ಒಂದೊಂದೇ ಅಂಗಣವನ್ನು ಕೈಗೆತ್ತಿಕೊಂಡು ಸಿಂಗರಿಸಿದನು. ಗ್ರ್ಯಾಂಡ್ ಲಾಡ್ಜ್ ಸೇರುವ ಕೊರಿಂಥಿಯನ್ ಅಂಗಣ, ಅಯೋನಿಕ್ ಅಂಗಣ, ಇಟಲಿಯ ಪುನರುಜ್ಜೀವನ ಕಾಲದ ಅಂಗಣ ಇವು ಸುಂದರವೇ ಸರಿ. ಆದರೆ ಗ್ರೀಕ್ ಕಂಬಗಳನ್ನೂ ಇಟಲಿಯ ಚಿತ್ತಾರವನ್ನೂ ಪಾಶ್ಚಾತ್ಯರ ಎಲ್ಲ ದೊಡ್ಡ ಕಟ್ಟಡಗಳಲ್ಲಿ ಕಂಡೇ ಕಾಣುತ್ತೇವೆ. ಗಾಥಿಕ್ ಅಂಗಣದ ಚೂಪುಗಮಾನುಗಳ ಕೆಳಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಪೀಠವನ್ನು ಹೋಲುವ ಪೀಠವಿದೆ. ನಾರ್ಮನ್ ಅಂಗಣದ ಗೋಡೆಯ ಮೇಲೆ ಆಳೆತ್ತರದ ಚಿತ್ರಗಳು ಮೂಲೆಮಟ್ಟ, ಕೈವಾರ, ಕರಣೆ, ಕೊಡತಿ, ತೂಕಗುಂಡುಗಳನ್ನು ಹಿಡಿದು ನಿಂತಿವೆ. ನಮ್ಮ ಊರಿನ ಗಾರೆಯವರೂ ಬಡಗಿಗಳೂ ದಿನವೂ ಹಿಡಿಯುವ ಸಾಮಾನುಗಳಿಗೆ ದೇವತೆಗಳ ಕೈಯ ಆಯುಧಗಳ ಸ್ಥಾನ ಕೊಟ್ಟಿರುವುದು ನನಗಂತೂ ಬಹಳ ಹಿಡಿಸಿದ ಸಂಗತಿ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಈಜಿಪ್ಟ್ ಅಂಗಣ. ಹನ್ನೆರಡು ಭಾರಿ ಕಂಬಗಳು. ಅವುಗಳ ತಲೆಯ ಬೋದಿಗೆಗಳು ನೈಲ್ ನದಿಯ ದಂಡೆಯ ಬೇರೆ ಬೇರೆ ದೇವಾಲಯಗಳ ಮಾದರಿಯವು. ಅಧ್ಯಕ್ಷನ ಹೊನ್ನಬಣ್ಣದ ಆಸನದ ಎರಡು ಬದಿಗೆ ಸ್ಫಿಂಕ್ಸ್‌ಗಳು. ಗೋಡೆ, ಕಂಬ, ತೊಲೆಗಳ ತುಂಬ ಚಿತ್ರಲಿಪಿ. ಸಾಮಾನ್ಯವಾಗಿ ಇಂತಹ ಕಡೆಗಳಲ್ಲಿ ಅಲಂಕಾರಕ್ಕೆಂದು ಅರ್ಥವಿಲ್ಲದ ಹಕ್ಕಿ ಹಾವುಗಳನ್ನು ಬಿಡಿಸಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಬಲ್ಲವರು ಓದಬಹುದಾದ ನಿಜವಾದ ಬರಹ ಇದು. ಫ್ರಾನ್ಸಿನ ಶಾಂಪೋಲಿಯನ್ ಆ ಲಿಪಿಯ ಗಂಟನ್ನು ಬಿಡಿಸಿದ್ದು 1822ರಲ್ಲಿ. ಎಪ್ಪತ್ತು ವರ್ಷ ಕಳೆಯುವುದರೊಳಗೆ ಸಾವಿರಾರು ಮೈಲಿ ದೂರದ ಒಂದು ಸಭಾಂಗಣದ ಗೋಡೆಯ ಮೇಲೆ ಅದು ತಪ್ಪಿಲ್ಲದೆ ಮೂಡಿತು. ಇನ್ನು ಪೌರಸ್ತ್ಯ ಅಂಗಣವೆಂಬುದು ಸ್ಪೇನ್ ದೇಶದ ಗ್ರನಾಡದಲ್ಲಿ ಮುಸ್ಲಿಂ ಅರಸರು ಕಟ್ಟಿಸಿದ ಅಲ್‌ಹಂಬ್ರ ಅರಮನೆಯ ಬಣ್ಣ, ಜಾಲರಿ, ಬಳ್ಳಿಯೋಟಗಳ ಪ್ರತಿರೂಪ.

ಈಜಿಪ್ಟಿನವರು, ಗ್ರೀಕರು, ಅರಬರು, ನಾರ್ಮನ್ನರು ಎಲ್ಲರೂ ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸುವ ಬಂಧುಗಳು ಎಂಬ ಭಾವನೆಯನ್ನು ಹೀಗೆ ಕಲ್ಲಿನಲ್ಲಿಯೂ ಬಣ್ಣದಲ್ಲಿಯೂ ಸಾರಿದ ಈ ಸೌಧದ ಬಾಗಿಲು ನಗರದ ಎಲ್ಲ ಬಂಧುಗಳಿಗೂ ತೆರೆದಿತ್ತೆ? ಈಜಿಪ್ಟ್ ಆಫ್ರಿಕ ಖಂಡದ ನಾಡು. ಅದರ ದೇವಾಲಯಗಳನ್ನು ಅಷ್ಟು ಅಕ್ಕರೆಯಿಂದ ಬಿಡಿಸಿದ ಅಂಗಣದಲ್ಲಿ ಆಫ್ರಿಕ ಮೂಲದ ಫ್ರೀಮೇಸನ್ನನೊಬ್ಬ ಕುಳಿತುಕೊಳ್ಳುವಂತಿರಲಿಲ್ಲ.

ಅಂತಹ ಫ್ರೀಮೇಸನ್ನರು ಇರಲಿಲ್ಲವೆಂದಲ್ಲ. ಬಾಸ್ಟನ್ ನಗರದ ಪ್ರಿನ್ಸ್ ಹಾಲ್ ಎಂಬ ಕರಿಯ ಗೃಹಸ್ಥ ಮತ್ತು ಅವನ ಸಂಗಡಿಗರು 1775ರಲ್ಲಿ ಸೈನ್ಯದ ಲಾಡ್ಜೊಂದರಲ್ಲಿ ದೀಕ್ಷೆ ಪಡೆದಿದ್ದರು. ಅಮೆರಿಕದ ಬಿಳಿಯ ಲಾಡ್ಜುಗಳು ಅವರನ್ನು ಸೇರಿಸಿಕೊಳ್ಳದಿದ್ದಾಗ ಅವರು ಇಂಗ್ಲೆಂಡಿಗೇ ಬರೆದು 1784ರಲ್ಲಿ ಸನ್ನದು ಪಡೆದರು. ಫಿಲಡೆಲ್ಫಿಯದಲ್ಲಿ 1797ರಲ್ಲಿ ಕರಿಯರ ಲಾಡ್ಜ್ ಹುಟ್ಟಿತು. ಅದರ ಅಧ್ಯಕ್ಷ ಅಬ್ಸಲಂ ಜೋನ್ಸ್, ಖಜಾಂಚಿ ರಿಚರ್ಡ್ ಆ್ಯಲನ್. ಇಬ್ಬರೂ ಗುಲಾಮರಾಗಿ ಹುಟ್ಟಿ, ಬಿಡುಗಡೆ ಪಡೆದು, ಧರ್ಮಬೋಧಕರಾದವರು. 1793ರಲ್ಲಿ ಹಳದಿ ಜ್ವರದ ಮಾರಿ ನಗರವನ್ನು ಹೊಕ್ಕು, ಅನುಕೂಲವಂತರು ಊರು ಬಿಟ್ಟು ಓಡಿದಾಗ, ರೋಗಿಗಳ ಶುಶ್ರೂಷೆಗೂ ಹೆಣ ಹೂಳುವುದಕ್ಕೂ ತಮ್ಮ ಜನರನ್ನು ಕಟ್ಟಿಕೊಂಡು ನಿಂತವರು ಈ ಇಬ್ಬರೇ. ಬಳಿಕ ಅವರ ಮೇಲೆಯೇ ಅಪವಾದ ಬಂದಾಗ 1794ರಲ್ಲಿ ಪುಸ್ತಿಕೆ ಪ್ರಕಟಿಸಿ ಉತ್ತರ ಕೊಟ್ಟರು. 1815ರಲ್ಲಿ ಪೆನ್ಸಿಲ್ವೇನಿಯದ ಕರಿಯರ ಲಾಡ್ಜುಗಳು ತಮ್ಮದೇ ಗ್ರ್ಯಾಂಡ್ ಲಾಡ್ಜ್ ಕಟ್ಟಿಕೊಂಡವು. ಅದೇ ವಿಧಿ, ಅದೇ ಸಂಕೇತ, ಅದೇ ಮೂಲೆಮಟ್ಟ ಕೈವಾರ. ಆದರೆ ಬಿಳಿಯ ಸೋದರರ ಲೆಕ್ಕದಲ್ಲಿ ಅವರು ಸೋದರರೇ ಅಲ್ಲ.

ಇಲ್ಲಿ ಸ್ಟೀವನ್ಸನನ್ನು ಮತ್ತೆ ನೆನೆಯಬೇಕು. ಫ್ರೀಮೇಸನ್ನರನ್ನು ಕಾಡಿದ ಅದೇ ವಕೀಲ ಮುಂದೆ ದೇಶದ ಸಂಸತ್ತಿನಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕೂ ಕರಿಯರ ಸಮಾನ ಪೌರತ್ವಕ್ಕೂ ಮುಂಚೂಣಿಯಲ್ಲಿ ಹೋರಾಡಿದನು. ಮಂದಿರಕ್ಕೆ ಅಡಿಗಲ್ಲು ಬಿದ್ದ ಏಳು ವಾರಗಳೊಳಗೆ, 1868ರ ಆಗಸ್ಟ್ 11ರಂದು ಆತ ತೀರಿಕೊಂಡನು. ದೊಡ್ಡ ಸ್ಮಶಾನಗಳಲ್ಲಿ ಬಣ್ಣದ ಭೇದವಿದ್ದುದರಿಂದ, ಎಲ್ಲ ಜನಾಂಗದವರನ್ನೂ ಹೂಳುತ್ತಿದ್ದ ಲ್ಯಾಂಕಾಸ್ಟರಿನ ಒಂದು ಚಿಕ್ಕ ಸ್ಮಶಾನವನ್ನೇ ತನಗಾಗಿ ಆರಿಸಿಕೊಂಡಿದ್ದನು. ಆ ಕಾರಣವನ್ನು ತನ್ನ ಗೋರಿಗಲ್ಲಿನ ಮೇಲೆಯೂ ಬರೆಸಿದನು.

ಈ ಬಾಗಿಲಿನ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಫಿಲಡೆಲ್ಫಿಯದಲ್ಲಿ ಮಂದಿರ ಏಳುತ್ತಿದ್ದ ಅವೇ ವರ್ಷಗಳಲ್ಲಿ ಕಲಕತ್ತೆಯಲ್ಲಿ ಪ್ರಸನ್ನಕುಮಾರ ದತ್ತ ಎಂಬ ವರ್ತಕರು ಲಾಡ್ಜಿನ ಬಾಗಿಲಲ್ಲಿ ಕಾಯುತ್ತಿದ್ದರು. ಮುಸ್ಲಿಮರಿಗೂ ಪಾರ್ಸಿಗಳಿಗೂ ಭಾರತದಲ್ಲಿ ಅದಕ್ಕೆ ಮೊದಲೇ ಪ್ರವೇಶ ದೊರೆತಿತ್ತು. ಹಿಂದೂಗಳು ಬಹುದೇವತಾರಾಧಕರಾದುದರಿಂದ ಒಬ್ಬ ಪರಮಾತ್ಮನನ್ನು ನಂಬಬೇಕೆಂಬ ನಿಯಮಕ್ಕೆ ಹೊಂದಲಾರರೆಂಬುದು ಆಂಗ್ಲ ಅಧಿಕಾರಿಗಳ ವಾದ. ದತ್ತರು 1863ರಲ್ಲಿ ಹಾಕಿಕೊಂಡ ಅರ್ಜಿ ಲಂಡನ್ನಿನವರೆಗೂ ಹೋಗಿ, ಒಂಬತ್ತು ವರ್ಷಗಳ ಬಳಿಕ 1872ರಲ್ಲಿ ‘ಆ್ಯಂಕರ್ ಅಂಡ್ ಹೋಪ್’ ಲಾಡ್ಜಿನಲ್ಲಿ ಅವರಿಗೆ ದೀಕ್ಷೆಯಾಯಿತು. 1884ರಲ್ಲಿ ಅದೇ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ಇಪ್ಪತ್ತೊಂದರ ತರುಣ ಸೇರಿದನು. ಜಗತ್ತು ಅವನನ್ನು ಮುಂದೆ ಸ್ವಾಮಿ ವಿವೇಕಾನಂದರೆಂದು ಬಲ್ಲದು. 1961ರಲ್ಲಿ ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಆಯಿತು. ಉತ್ತರದ ಊರುಗಳಲ್ಲಿ ಜನ ಈ ಸಭಾಭವನಗಳನ್ನು ‘ಜಾದೂ ಘರ್’ ಎಂದು ಕರೆಯುತ್ತಿದ್ದರು. ಕಿಟಕಿ ಮುಚ್ಚಿ ರಾತ್ರಿ ಕೂಡುವವರ ಮನೆಗೆ ಹೊರಗಿನವರು ಇನ್ನೇನೆಂದು ಹೆಸರಿಟ್ಟಾರು?

ಅಮೆರಿಕದಲ್ಲಿ ಬಾಗಿಲು ತೆರೆಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1989ರಲ್ಲಿ ಕನೆಕ್ಟಿಕಟ್ ರಾಜ್ಯದ ಗ್ರ್ಯಾಂಡ್ ಲಾಡ್ಜ್ ಪ್ರಿನ್ಸ್ ಹಾಲ್ ಪರಂಪರೆಯವರನ್ನು ಸರಿಸಮಾನರೆಂದು ಮಾನ್ಯಮಾಡಿದ ಮೇಲೆ ಒಂದೊಂದಾಗಿ ಬೇರೆ ರಾಜ್ಯಗಳೂ ಆ ದಾರಿ ಹಿಡಿದವು. ಪೆನ್ಸಿಲ್ವೇನಿಯವೂ ಅವುಗಳಲ್ಲಿ ಸೇರಿತು. ಅಷ್ಟು ಹೊತ್ತಿಗೆ ಮನೆಯೊಳಗಿನ ಜನವೇ ಕಡಿಮೆಯಾಗತೊಡಗಿದ್ದರು. 1959ರಲ್ಲಿ ಇಡೀ ದೇಶದಲ್ಲಿ 41 ಲಕ್ಷದಷ್ಟಿದ್ದ ಫ್ರೀಮೇಸನ್ನರ ಸಂಖ್ಯೆ ಇಂದು 10 ಲಕ್ಷಕ್ಕಿಂತ ಕೆಳಗಿಳಿದಿದೆ. ಹಲವು ನಗರಗಳಲ್ಲಿ ಇಂತಹ ಮಂದಿರಗಳು ಮಾರಾಟವಾಗಿವೆ, ಕೆಲವು ನೆಲಸಮವಾಗಿವೆ. ಫಿಲಡೆಲ್ಫಿಯದ ಮಂದಿರ ಮಾತ್ರ ಮೂಲ ಉದ್ದೇಶಕ್ಕೇ ಬಳಕೆಯಾಗುತ್ತ ಉಳಿದಿದೆ. 1985ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಸದಸ್ಯರಲ್ಲದವರೂ, ಸ್ತ್ರೀಯರೂ ಮಕ್ಕಳೂ, ಮಾರ್ಗದರ್ಶಕರೊಡನೆ ಅಂಗಣಗಳನ್ನು ನೋಡಿಬರಬಹುದು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ವಾಷಿಂಗ್ಟನ್ ಧರಿಸುತ್ತಿದ್ದ ಸಂಘದ ಮುಂಗವಚ ಬಟ್ಟೆ ಇದೆ. ಫ್ರಾನ್ಸಿನ ಸೇನಾನಿ ಲಫಾಯೆಟನ ಪತ್ನಿ ತನ್ನ ಕೈಯಾರೆ ಅದಕ್ಕೆ ಕಸೂತಿ ಹಾಕಿದಳೆಂದು ಹೇಳಿಕೆ.

ಮಂದಿರ ನೋಡಿ ಹೊರಬಂದವರಿಗೆ ಕಾಲಿನಲ್ಲಿ ಶಕ್ತಿಯಿದ್ದರೆ ಆಗ್ನೇಯಕ್ಕೆ ಅರ್ಧ ಗಂಟೆ ನಡೆದು ಆರನೆಯ ಬೀದಿಗೂ ಹೋಗಿಬರಬೇಕು. ರಿಚರ್ಡ್ ಆ್ಯಲನ್ 1791ರಲ್ಲಿ ಕೊಂಡ ನಿವೇಶನದಲ್ಲಿ ಅವನು ಸ್ಥಾಪಿಸಿದ ಮದರ್ ಬೆಥೆಲ್ ಇಗರ್ಜಿ ಅಲ್ಲಿದೆ. ಕರಿಯ ಅಮೆರಿಕನ್ನರ ಒಡೆತನದಲ್ಲಿ ಎಡೆಬಿಡದೆ ಉಳಿದುಬಂದ ನೆಲಗಳಲ್ಲಿ ಅದೇ ಅತ್ಯಂತ ಹಳೆಯದೆನ್ನುತ್ತಾರೆ. ಈಗಿನ ಕಟ್ಟಡ ಎದ್ದದ್ದು 1890ರ ಸುಮಾರಿಗೆ, ಎಂದರೆ ಹೆರ್ಜೋಗ್ ಇತ್ತ ಈಜಿಪ್ಟಿನ ಕಂಬಗಳಿಗೆ ಬಣ್ಣ ತುಂಬಿಸುತ್ತಿದ್ದ ಕಾಲಕ್ಕೆ. ಅದೂ ದುಂಡು ಕಮಾನುಗಳ ಕಲ್ಲುಕಟ್ಟಡವೇ, ಮೂಲೆಯಲ್ಲಿ ಒಂದು ಗೋಪುರ. ನೆಲಮಾಳಿಗೆಯಲ್ಲಿ ಆ್ಯಲನ್ನನ ಸಮಾಧಿ.